ಪಟ್ಟಾ ನಮ್ಮದು, ಮಣ್ಣು ಯಾರದು?

ಹೊಲವನ್ನು ಮಾರಬಹುದು. ಹೊಲದಲ್ಲಿ ಬೆಳೆದದ್ದನ್ನೂ ಮಾರಬಹುದು. ಹೊಲವನ್ನು ನಮ್ಮ ಹೆಸರಲ್ಲೇ ಇಟ್ಟುಕೊಂಡು, ಅದರ ಮೇಲುಮಣ್ಣನ್ನು ಮಾತ್ರ ಮಾರಬಹುದೇ?

ಇದು ಕೆಲಸವಿಲ್ಲದವರ ಪ್ರಶ್ನೆ ಅಂತ ಯಾರೂ ಅಂದುಕೊಳ್ಳಬಾರದು. ಮನೆ ಪಾಯ ತುಂಬಲು ಮಣ್ಣು ಬೇಕು, ರಸ್ತೆ ಎತ್ತರಿಸಲು ಮಣ್ಣು ಬೇಕು, ಇಟ್ಟಿಗೆ ಗೂಡಿಗೆ ಮಣ್ಣು ಬೇಕು. ಟಿಪ್ಪರ್‌ನವರು ಬಂದು ಬದುವಿನ ಮೇಲೆ ನಿಂತು ಹೇಳುವ ಮಾತು ಎಲ್ಲಾ ಕಡೆಯೂ ಒಂದೇ: "ಒಂದಡಿ ತೆಕ್ಕೊಂಡು ಮಟ್ಟ ಹೊಡ್ದು ಕೊಡ್ತೀವಿ. ನಿಮ್ಮ ಹೊಲ ನಿಮಗೇ ಇರ್ತದ, ದುಡ್ಡೂ ಬತ್ತದ." ಆ ಮಾತಿನಲ್ಲಿ ಕಾಗದದ ಮಟ್ಟಿಗೆ ಸುಳ್ಳೇನೂ ಇಲ್ಲ. ಸರ್ವೆ ನಂಬರ್ ಅಲ್ಲೇ ಇರುತ್ತದೆ, ಬದು ಅಲ್ಲೇ ಇರುತ್ತದೆ, ಕಂದಾಯದ ರಸೀದಿ ಅದೇ ಹೆಸರಿಗೆ ಬರುತ್ತದೆ. ಹೋಗುವುದು ಒಂದಡಿ ಮಾತ್ರ.

ನಮ್ಮ ವಾಚನಾಲಯದ ಜಗುಲಿಯ ಮೇಲೆ ಒಂದು ಸಂಜೆ ಇದೇ ಮಾತು ಎದ್ದಿತ್ತು. ಎರಡು ವರ್ಷ ಕೋಸು ಹಾಕಿ ಕೈ ಸುಟ್ಟುಕೊಂಡ ಹುಡುಗನೊಬ್ಬ, "ನನ್ ಪಟ್ಟಾ, ನನ್ ಹೊಲ, ನನ್ ಮಣ್ಣು. ಮಾರ್ಕೊಂಡ್ರ ಕೇಳೋರ್ ಯಾರು ಮಾವ?" ಅಂದ. ಮಾವ ಅನ್ನಿಸಿಕೊಂಡ ಹಿರಿಯರು ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಕೇಳಿದರು: "ಪಟ್ಟಾದಲ್ಲಿ ಎಷ್ಟು ಸೆಂಟು ಅಂತ ಬರ್ದದ. ಎಷ್ಟು ಅಡಿ ಆಳ ಅಂತ ಬರ್ದದೇನ್ಲಾ ಅಳಿಯ?"

ಎಲ್ಲರೂ ನಕ್ಕರು, ಹುಡುಗನೂ ನಕ್ಕ. ಆದರೆ ಈ ಮಾತನ್ನು ನಗೆಯಲ್ಲಿ ತೇಲಿಸಿ ಬಿಡುವಂತಿಲ್ಲ ಅಂತ ನನಗನ್ನಿಸಿತು. ನಮ್ಮ ಪಟ್ಟಾ, ಚಿಟ್ಟಾ, ಅಡಂಗಲ್ ಎಲ್ಲದರಲ್ಲೂ ಉದ್ದ ಅಗಲದ ಲೆಕ್ಕ ಇದೆ. ನಾವು ಸೆಂಟಿನಲ್ಲಿ ಅಳೆಯುತ್ತೇವೆ, ಚಾಮರಾಜನಗರದ ನೆಂಟರು ಗುಂಟೆಯಲ್ಲಿ ಅಳೆಯುತ್ತಾರೆ. ಆಳದ ಲೆಕ್ಕ ಅವರ ಪಹಣಿಯಲ್ಲೂ ಇಲ್ಲ. ಭೂಮಿ ಅಂದರೆ ಬರೀ ಜಾಗ ಅಂತ ಕಾಗದ ತಿಳಿದುಕೊಂಡಿದೆ. ಬಿತ್ತುವವನಿಗೆ ಭೂಮಿ ಅಂದರೆ ಆ ಜಾಗದ ಮೇಲಿರುವ ಮಣ್ಣು. ಜಾಗ ಎಲ್ಲಿಗೂ ಹೋಗುವುದಿಲ್ಲ, ಮಣ್ಣು ಹೋಗುತ್ತದೆ. ಹಾಗಾದರೆ ಪಟ್ಟಾ ನಮಗೆ ಯಾವುದರ ಮೇಲೆ ಹಕ್ಕು ಕೊಟ್ಟಿದೆ?

ಇದಕ್ಕೆ ಉತ್ತರ ಹುಡುಕುವ ಮೊದಲು ಈ ಮಣ್ಣು ಎಲ್ಲಿಂದ ಬಂತು ಅಂತ ನೋಡಬೇಕು. ಮಕ್ಕಳಿಗೆ ಭೂಗೋಳ ಹೇಳುವಾಗ "ಶಿಲೆಗಳು ಶಿಥಿಲವಾಗಿ ಮಣ್ಣಾಗುತ್ತವೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಬಾವಿ ತೋಡಿದವರಿಗೆ ಆ ಒಂದು ಸಾಲು ಎಷ್ಟು ಉದ್ದ ಅಂತ ಗೊತ್ತು. ಮೊದಲು ಒಂದೆರಡು ಮೊಳ ಮಣ್ಣು. ಆಮೇಲೆ ಗರಸು. ಅದರ ಕೆಳಗೆ ನೋಡೋಕೆ ಕಲ್ಲಿನ ಹಾಗೇ ಇದ್ದು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು. ಅದರಲ್ಲಿ ಕಾಗೆಬಂಗಾರ ಇನ್ನೂ ಮಿನುಗುತ್ತಿರುತ್ತದೆ, ಬಂಡೆಯ ಗೆರೆಗಳು ಇನ್ನೂ ಕಾಣುತ್ತಿರುತ್ತವೆ. ಅದನ್ನೆಲ್ಲ ದಾಟಿದ ಮೇಲೆ ಮದ್ದು ಇಟ್ಟೇ ಒಡೆಯಬೇಕಾದ ಗಟ್ಟಿ ಬಂಡೆ. ಮೇಲಿಂದ ಕೆಳಕ್ಕೆ ಇಳಿದರೆ ಮಣ್ಣು ಕಲ್ಲಾಗುತ್ತಾ ಹೋದಂತೆ ಕಾಣುತ್ತದೆ. ಆಗಿರುವುದು ಅದರ ತಿರುಗ: ಕಲ್ಲು ಮಣ್ಣಾಗಿದೆ.

ನಮ್ಮ ಪಕ್ಕದ ಬಂಡೀಪುರ ಕಾಡಿನಲ್ಲಿ ಮೂಲೆಹೊಳೆ ಅಂತ ಜಾಗ ಇದೆ. ಅಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸ್ ದೇಶದ ವಿಜ್ಞಾನಿಗಳೂ ಸೇರಿ ನಾಲ್ಕು ಚದರ ಕಿಲೋಮೀಟರಿನಷ್ಟು ಕಾಡನ್ನು ಹಿಡಿದು, ಬಿದ್ದ ಮಳೆ ಎಷ್ಟು, ಹರಿದ ನೀರು ಎಷ್ಟು, ಆ ನೀರಿನಲ್ಲಿ ಕರಗಿ ಹೋದ ಕಲ್ಲಿನ ಅಂಶ ಎಷ್ಟು ಅಂತ ವರ್ಷಗಟ್ಟಲೆ ಅಳೆದಿದ್ದಾರೆ. ಅವರ ಲೆಕ್ಕದಲ್ಲಿ ಅಲ್ಲಿ ಗಟ್ಟಿ ಬಂಡೆಯ ಮೇಲೆ ಸರಾಸರಿ 17 ಮೀಟರ್ ದಪ್ಪದ ಹೊದಿಕೆ ಇದೆ. ಅದರಲ್ಲಿ ಸುಮಾರು 15 ಮೀಟರ್ ಕೊಳೆತ ಕಲ್ಲು. ಮಣ್ಣು ಅನ್ನಬಹುದಾದದ್ದು ಎರಡೇ ಮೀಟರ್. ಆ ಎರಡು ಮೀಟರಿನಲ್ಲೂ ಬೇರು ಹೆಚ್ಚಾಗಿ ಓಡಾಡುವ, ಎಲೆ ಗೊಬ್ಬರ ಸೇರಿ ಕಪ್ಪಾದ, ಎರೆಹುಳು ಇರುವ ಪದರ ಮೇಲಿನ ಒಂದಡಿ ಅಷ್ಟೇ. ಟಿಪ್ಪರ್‌ನವರು ಕೇಳುವ ಒಂದಡಿಯೂ ಅದೇ.

ಕೆಲಸ ಮಾಡುವುದು ಮಳೆನೀರು. ಗಾಳಿಯಿಂದ ಸ್ವಲ್ಪ, ಬೇರುಗಳ ಉಸಿರಿನಿಂದ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಕುಡಿದು ಆ ನೀರು ತುಸು ಹುಳಿಯಾಗುತ್ತದೆ. ಆ ಹುಳಿ ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಅನ್ನುವ ಖನಿಜವನ್ನು ಮೆಲ್ಲಗೆ ಜೇಡಿಯಾಗಿ ಮಾಡುತ್ತದೆ. ಬೆಣಚುಕಲ್ಲು ಸೋಲುವುದಿಲ್ಲ, ಅದು ಮರಳಾಗಿ ಉಳಿಯುತ್ತದೆ. ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಗುತ್ತದೆ. ನಮ್ಮ ಕೆಬ್ಬೆ ಹೊಲದ ಬಣ್ಣ ಅಂದರೆ ತುಕ್ಕಿನ ಬಣ್ಣ. ಸುಣ್ಣದ ಅಂಶ, ಮೆಗ್ನೀಶಿಯಂ ಮುಂತಾದವು ನೀರಿನಲ್ಲಿ ಕರಗಿ ತಗ್ಗಿಗೆ ಇಳಿಯುತ್ತವೆ. ತಗ್ಗಿನಲ್ಲಿ ನೀರು ನಿಲ್ಲುವ ಕಡೆ ಅವು ಸೇರಿಕೊಂಡು ಬೇರೆ ಜಾತಿಯ ಜೇಡಿ ಆಗುತ್ತದೆ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಜೇಡಿ. ಅದೇ ನಮ್ಮ ಎರೆ ಮಣ್ಣು. ಎರೆ ಹೊಲದಲ್ಲಿ ಅಗೆದಾಗ ಸಿಗುವ ಸುಣ್ಣಕಲ್ಲಿನ ಉಂಡೆಗಳೂ ಹೀಗೆ ಇಳಿದು ಬಂದ ಸುಣ್ಣವೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ದಿಣ್ಣೆಯ ಮೇಲೆ ಕೆಬ್ಬೆ, ತಗ್ಗಿನಲ್ಲಿ ಎರೆ ಅನ್ನುವುದು ನಮ್ಮ ಸೀಮೆಯಲ್ಲಿ ಬಿತ್ತನೆ ಮಾಡುವ ಯಾರಿಗೂ ಹೊಸ ವಿಷಯವಲ್ಲ. ಎರಡೂ ಒಂದೇ ಬಂಡೆಯ ಮಕ್ಕಳು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಮೇಲಿನ ಹೊಲ ಕಳೆದುಕೊಂಡದ್ದನ್ನೇ ಕೆಳಗಿನ ಹೊಲ ಪಡೆದುಕೊಂಡಿದೆ. ಮೇಲಿನವನು ಕೊಟ್ಟೆ ಅಂತ ಹೇಳುವುದಿಲ್ಲ, ಕೆಳಗಿನವನು ತೆಗೆದುಕೊಂಡೆ ಅಂತ ಒಪ್ಪುವುದಿಲ್ಲ, ಇಬ್ಬರಿಗೂ ಪಟ್ಟಾ ಇದೆ. ಎಷ್ಟೋ ಸಾವಿರ ವರ್ಷದಿಂದ ನಡೆದು ಬಂದ ಈ ಕೊಡು ತಕ್ಕೋ ವ್ಯವಹಾರದ ನಡುವೆ ನಾವು ಮೊನ್ನೆ ಮೊನ್ನೆ ಬದು ಹಾಕಿ ಕೂತಿದ್ದೇವೆ.

ಬಂಡೆಯ ವಯಸ್ಸಿನ ಮಾತು ಬಂದಾಗ ಒಂದು ಅಡ್ಡ ಮಾತು. ಬಿಳಿಗಿರಿರಂಗನ ಬೆಟ್ಟದಿಂದ ನಮ್ಮ ಹಾಸನೂರು, ದಿಂಬಂ ಕಡೆಗೆ ಹಬ್ಬಿರುವ ಬೂದು ಹಸಿರು ಛಾಯೆಯ ಗಟ್ಟಿ ಕಲ್ಲಿಗೆ ವಿಜ್ಞಾನಿಗಳು ಚಾರ್ನೊಕೈಟ್ ಅನ್ನುತ್ತಾರೆ. ಹೆಸರು ಬಂದದ್ದು ಒಂದು ಗೋರಿಯಿಂದ. ಕಲ್ಕತ್ತೆಯಲ್ಲಿ ಸತ್ತ ಜಾಬ್ ಚಾರ್ನಾಕ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ಗೋರಿಗೆ ಮದರಾಸಿನ ಹತ್ತಿರದ ಇಂಥದೇ ಕಲ್ಲನ್ನು ಒಯ್ದು ಹಾಕಿದ್ದರು. 1893ರಲ್ಲಿ ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಆ ಗೋರಿಯ ಕಲ್ಲನ್ನು ನೋಡಿ ಇಡೀ ಜಾತಿಗೆ ಅವನ ಹೆಸರಿಟ್ಟ. ಬೆಟ್ಟಕ್ಕೆ ನಾವು ದೇವರ ಹೆಸರಿಟ್ಟಿದ್ದೇವೆ, ಬೆಟ್ಟದ ಕಲ್ಲಿಗೆ ಅವರು ಸತ್ತವನ ಹೆಸರಿಟ್ಟರು! ಇನ್ನು ಕರಿಕಲ್ಲು ಅಂತ ಚಾಮರಾಜನಗರ ಸೀಮೆಯಿಂದ ಹೊರದೇಶಕ್ಕೆ ಹೋಗುವುದೂ ಬಹಳಷ್ಟು ಗೋರಿಗಳಿಗೇ.

ಈ ಬೆಟ್ಟದ ಕಲ್ಲು ಬೆಂದು ಈಗಿನ ರೂಪಕ್ಕೆ ಬಂದದ್ದು ಸುಮಾರು 250 ಕೋಟಿ ವರ್ಷದ ಹಿಂದೆ, ನೆಲದೊಳಗೆ ಹೆಚ್ಚುಕಡಿಮೆ 20 ಕಿಲೋಮೀಟರ್ ಆಳದಲ್ಲಿ. ಅದು ಈಗ ನಮ್ಮ ಕಾಲ ಕೆಳಗೆ ಬಿಸಿಲು ಕಾಯಿಸಿಕೊಳ್ಳುತ್ತಾ ಇದೆ ಅಂದರೆ ಏನರ್ಥ? ಅದರ ಮೇಲಿದ್ದ ಅಷ್ಟೂ ಕಿಲೋಮೀಟರ್ ಕಲ್ಲು ಸವೆದು, ಮಣ್ಣಾಗಿ, ಹರಿದು, ಯಾವುದೋ ಸಮುದ್ರಕ್ಕೆ ಹೋಗಿದೆ.

ಇದನ್ನು ಹೇಳಿದಾಗ ಒಬ್ಬ ಮೇಷ್ಟ್ರು ಒಳ್ಳೆಯ ಆಕ್ಷೇಪ ಎತ್ತಿದರು. "ಇಪ್ಪತ್ತು ಕಿಲೋಮೀಟರ್ ಹೋದಾಗ ಯಾರೂ ಅಳಲಿಲ್ಲ. ಒಬ್ಬ ಬಡವ ಒಂದಡಿ ಮಾರಿದರೆ ಮಾತ್ರ ಪಾಪವೇ? ಪ್ರಕೃತಿ ತಾನೇ ಕಳೆಯುತ್ತಾ ಇರುವುದನ್ನು ಮನುಷ್ಯ ಕಳೆದರೆ ಏನು ತಪ್ಪು?" ಕೇಳಲು ಸರಿಯಾಗಿಯೇ ಇದೆ. ಆದರೆ ಇದೇ ತರ್ಕ ಹಿಡಿದರೆ, ಹುಟ್ಟಿದವರೆಲ್ಲ ಹೇಗೂ ಸಾಯುತ್ತಾರೆ, ಆದ್ದರಿಂದ ಕೊಂದರೆ ತಪ್ಪಿಲ್ಲ ಅಂತಲೂ ಹೇಳಬಹುದು. ಪ್ರಕೃತಿ ಮೇಲಿಂದ ಕಳೆಯುವಾಗ ಕೆಳಗಿಂದ ಮಾಡುತ್ತಲೂ ಇರುತ್ತದೆ. ಮಣ್ಣು ಸವೆದಷ್ಟೂ ಅದರ ಅಡಿಯ ಬಂಡೆ ಕೊಳೆತು ಹೊಸ ಮಣ್ಣಾಗುತ್ತದೆ. ಆ ಎರಡು ಕೈಗಳ ವೇಗ ಹೆಚ್ಚುಕಡಿಮೆ ಸರಿಸಮ ಇದ್ದುದರಿಂದಲೇ ಬೆಟ್ಟದ ಮೇಲೆ ಕಾಡು ನಿಂತಿದೆ. ಹೋಯಿತು ಅನ್ನುವುದರ ಜೊತೆಗೆ ಎಷ್ಟು ಬೇಗ ಹೋಯಿತು ಅಂತಲೂ ಕೇಳಬೇಕು.

ಆ ಬೇಗದ ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 43,560 ಚದರ ಅಡಿ. ಒಂದಡಿ ಆಳ ತೆಗೆದರೆ 43,560 ಘನ ಅಡಿ ಮಣ್ಣು. ಲಾರಿಯವರ ಲೆಕ್ಕದಲ್ಲಿ 100 ಘನ ಅಡಿಗೆ ಒಂದು ಯೂನಿಟ್, ಅಂದರೆ ಸುಮಾರು 435 ಯೂನಿಟ್. ಮೂರು ಯೂನಿಟ್ ಹಿಡಿಯುವ ಟಿಪ್ಪರ್ ಆದರೆ 145 ಲೋಡ್. ಜೆಸಿಬಿ ಇದ್ದರೆ ಕೆಲವೇ ದಿನದ ಕೆಲಸ. ಈಗ ಅದನ್ನು ಮಾಡಿದ ಕಾಲ ನೋಡಿ. ಎರಡು ಮೂರು ಸೆಂಟಿಮೀಟರ್ ಮಣ್ಣು ಆಗುವುದಕ್ಕೆ ಸಾವಿರ ವರ್ಷದವರೆಗೂ ಹಿಡಿಯಬಹುದು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಒಂದಡಿ ಅಂದರೆ 30 ಸೆಂಟಿಮೀಟರ್, ಹತ್ತರಿಂದ ಹದಿನೈದು ಸಾವಿರ ವರ್ಷ. ಅದನ್ನು 145 ಲೋಡಿಗೆ ಹಂಚಿದರೆ ಒಂದೊಂದು ಟಿಪ್ಪರಿನಲ್ಲಿ ಆ ಎಕರೆಯ 70ರಿಂದ 100 ವರ್ಷದ ದುಡಿಮೆ ಹೋಗುತ್ತದೆ. ಒಂದು ಮನುಷ್ಯ ಆಯುಸ್ಸು ಒಂದು ಲೋಡು. ಇದು ಬಲು ಜಾಸ್ತಿ ಆಯ್ತು ಅಂತ ಅನ್ನಿಸಿದರೆ ಅರ್ಧಕ್ಕೆ ಇಳಿಸಿಕೊಳ್ಳಿ. ಆಗಲೂ ಅಪ್ಪನ ಕಾಲದಿಂದ ಮಗನ ಕಾಲದವರೆಗಿನ ಮಣ್ಣು ಒಂದು ಲೋಡಿಗೆ ಹೋಗುತ್ತದೆ.

ಇಷ್ಟು ಕಾಲ ದುಡಿದದ್ದು ಯಾರು? ನಾವಲ್ಲ. ಹಾಗಾದರೆ ಮಾರುವವರು ನಾವು ಹೇಗಾಗುತ್ತೇವೆ?

ದುಡಿದವನಿಗೆ ಸ್ವತ್ತು ಅನ್ನುವ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಇಂಗ್ಲೆಂಡಿನ ಜಾನ್ ಲಾಕ್ ಎಂಬ ತತ್ವಜ್ಞಾನಿ ಮುನ್ನೂರು ಚಿಲ್ಲರೆ ವರ್ಷದ ಹಿಂದೆ ಇದನ್ನೇ ವಾದ ಕಟ್ಟಿ ಹೇಳಿದ: ಯಾರ ಸ್ವತ್ತೂ ಅಲ್ಲದ ನೆಲಕ್ಕೆ ಒಬ್ಬ ತನ್ನ ದುಡಿಮೆ ಬೆರೆಸಿದರೆ ಅದು ಅವನದಾಗುತ್ತದೆ, ಆದರೆ ಮಿಕ್ಕವರಿಗೂ ಅಷ್ಟೇ, ಅಂಥದೇ ಉಳಿದಿರಬೇಕು. ಲಾಕ್ ಹೇಳಿದ ಎರಡನೇ ಮಾತನ್ನು ಲೋಕ ಬೇಗ ಮರೆತುಬಿಟ್ಟಿತು. ನಮ್ಮ ಹೊಲಗಳಿಗೂ ಮನುಷ್ಯ ದುಡಿಮೆ ಬೆರೆತಿದೆ, ಇಲ್ಲ ಅನ್ನೋಕಾಗಲ್ಲ. ಹೊಲದ ಅಂಚಿನಲ್ಲಿ ಆಳೆತ್ತರದ ಕಲ್ಲುಗುಡ್ಡೆ ಇರುತ್ತದಲ್ಲ, ಅದು ಯಾವ ಪ್ರಕೃತಿಯೂ ಪೇರಿಸಿದ್ದಲ್ಲ. ಅಜ್ಜ, ಮುತ್ತಜ್ಜ, ಅವರಿಗಿಂತ ಹೆಚ್ಚಾಗಿ ಆ ಹೊಲದ ಪಟ್ಟಾ ಎಂದೂ ಕಾಣದ ಕೂಲಿಯವರು ಒಂದೊಂದೇ ಆಯ್ದು ಹಾಕಿದ್ದು. ಗೊಬ್ಬರ ಹೊತ್ತದ್ದು, ಬದು ಕಟ್ಟಿದ್ದು, ಕುರಿ ಮಂದೆ ಕೂಡಿಸಿದ್ದು, ಎಲ್ಲ ಸೇರಿ ಈ ಮಣ್ಣು ಹೊಲದ ಮಣ್ಣಾಗಿದೆ. ದುಡಿಮೆಯಿಂದಲೇ ಹಕ್ಕು ಅನ್ನುವುದಾದರೆ ಈ ಒಂದಡಿಗೆ ಪಾಲುದಾರರು ಬಹಳ ಜನ. ಅವರಲ್ಲಿ ಹೆಚ್ಚಿನವರು ಸತ್ತಿದ್ದಾರೆ, ರುಜು ಹಾಕಲು ಬರಲಾರರು.

ಇಲ್ಲಿ ಕಾಡಿನ ಸೋಲಿಗರ ಹಳೆಯ ಬೇಸಾಯ ನೆನಪಿಗೆ ಬರುತ್ತದೆ. ಒಂದು ತುಂಡು ಕಾಡನ್ನು ಸವರಿ, ಸುಟ್ಟು, ಕೆಲವು ವರ್ಷ ರಾಗಿ ಬೆಳೆದು, ಆ ಜಾಗವನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಬಿಟ್ಟ ಜಾಗ ಮತ್ತೆ ಕಾಡಾಗುತ್ತಿತ್ತು. ಅದನ್ನು ಕಾಡು ಹಾಳು ಮಾಡುವ ಬೇಸಾಯ ಅಂತ ಕರೆದವರು ಅದರಲ್ಲಿದ್ದ ಒಂದು ನಡತೆಯನ್ನು ನೋಡಲಿಲ್ಲ. ಮಣ್ಣು ದಣಿಯುತ್ತದೆ ಅನ್ನುವುದನ್ನು ಒಪ್ಪಿಕೊಂಡು, ದಣಿದಾಗ ಕೈ ಬಿಡುತ್ತಿದ್ದರು. ಈಗ ಜಾಗವೂ ಇಲ್ಲ, ಜನವೂ ಹೆಚ್ಚು, ಹುಲಿ ಸಂರಕ್ಷಿತ ಪ್ರದೇಶದ ಗಡಿಯೂ ಇದೆ. ಆ ಬೇಸಾಯಕ್ಕೆ ತಿರುಗಿ ಹೋಗಿ ಅಂತ ಯಾರಿಗೂ ಹೇಳಲು ಸಾಧ್ಯವಿಲ್ಲ. ಆದರೆ ನಮ್ಮದು ಅಂದುಕೊಳ್ಳದೆಯೇ ಚೆನ್ನಾಗಿ ನೋಡಿಕೊಳ್ಳಬಹುದು ಅನ್ನುವುದಕ್ಕೆ ಸಾಕ್ಷಿ ನಮ್ಮ ಬೆಟ್ಟದಲ್ಲೇ ಇತ್ತು.

ಇನ್ನು ಮಾರದವರ ವಿಷಯ. "ನಾನಂತೂ ಒಂದು ಬುಟ್ಟಿ ಮಣ್ಣೂ ಮಾರಿಲ್ಲ" ಅಂತ ಎದೆ ತಟ್ಟಿಕೊಳ್ಳುವ ಮುಂಚೆ ಒಂದು ಮಳೆಗಾಲದಲ್ಲಿ ಹಳ್ಳದ ನೀರಿನ ಬಣ್ಣ ನೋಡಬೇಕು. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ದಪ್ಪ ಮಣ್ಣು ತೊಳೆದು ಹೋದರೆ ಅದು ಸುಮಾರು 143 ಘನ ಅಡಿ. ಹೆಚ್ಚುಕಡಿಮೆ ಅರ್ಧ ಟಿಪ್ಪರ್. ಒಂದು ಮಿಲಿಮೀಟರ್ ಯಾರ ಕಣ್ಣಿಗೂ ಕಾಣುವುದಿಲ್ಲ. ಇಳಿಜಾರಿನ ಹೊಲವನ್ನು ಟ್ರ್ಯಾಕ್ಟರಿಗೆ ಸಲೀಸು ಅಂತ ಮೇಲಿಂದ ಕೆಳಕ್ಕೆ ಉತ್ತು, ಆಲೂಗಡ್ಡೆ ಸಾಲನ್ನೂ ಅದೇ ದಿಕ್ಕಿಗೆ ಎಳೆದು, ಬದು ಕಿತ್ತು ನಾಲ್ಕು ಸಾಲು ಹೆಚ್ಚು ಹಾಕಿದವನು, ಎರಡು ಮೂರು ಜೋರು ಮಳೆಗೆ ತನ್ನ ಮಣ್ಣನ್ನು ಹಳ್ಳಕ್ಕೆ ಕಳಿಸಿಕೊಡುತ್ತಾನೆ. ಮಾರಿದವನಿಗೆ ದುಡ್ಡಾದರೂ ಬಂತು. ಮಾರಿದವನನ್ನು ಬೈಯುವ ಊರು ಇವನನ್ನು ಒಳ್ಳೆ ಒಕ್ಕಲು ಅನ್ನುತ್ತದೆ. ತಪ್ಪು ಅಂದರೆ ದುಡ್ಡು ಮುಟ್ಟಿದಾಗ ಮಾತ್ರವೇ? ಬೇಕೆಂದು ಮಾಡಿದ್ದು ಬೇರೆ, ಗಮನವಿಲ್ಲದೆ ಆದದ್ದು ಬೇರೆ ಅಂತ ಮನುಷ್ಯರ ನಡುವೆ ಭೇದ ಮಾಡುತ್ತೇವೆ, ಮಾಡಲೇಬೇಕು. ಆದರೆ ವರ್ಷ ವರ್ಷವೂ ಕಣ್ಣೆದುರಿಗೆ ಕೆಂಪು ನೀರು ಹರಿಯುತ್ತಿದ್ದರೆ ಅದನ್ನು ಗಮನವಿಲ್ಲದೆ ಆದದ್ದು ಅಂತ ಎಷ್ಟು ದಿನ ಹೇಳಬಹುದು?

ಹೋದ ಮಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಮ್ಮ ಸೀಮೆಯವರು ನೋಡಲೇಬೇಕು. ತಾಳವಾಡಿ ಬಯಲಿನ ನೀರು ಬಡಗಲ ಕಡೆಗೆ ಹರಿಯುತ್ತದೆ. ಅದು ಗಡಿ ದಾಟಿ ಚಾಮರಾಜನಗರ ಸೀಮೆಯ ಚಿಕ್ಕಹೊಳೆ, ಸುವರ್ಣಾವತಿ ಸೇರಿ ಕೊಳ್ಳೇಗಾಲದ ಕಡೆ ಕಾವೇರಿಗೆ ಬೀಳುತ್ತದೆ. ದಿಂಬಂ ಘಟ್ಟದ 27 ತಿರುವು ಇಳಿಯುವ ತೆಂಕಲ ಮಗ್ಗುಲಿನ ನೀರು ಮೋಯಾರಿಗೂ ಭವಾನಿಗೂ ಹೋಗುತ್ತದೆ. ಬಡಗಲ ನೀರು ಕಾವೇರಿಯ ಜೊತೆ ದೊಡ್ಡ ಸುತ್ತು ಹಾಕಿ ಮೆಟ್ಟೂರಿಗೆ ಬಂದು, ಮತ್ತೆ ನಮ್ಮದೇ ಈರೋಡ್ ಜಿಲ್ಲೆಯ ಭವಾನಿ ಪಟ್ಟಣದಲ್ಲಿ ತೆಂಕಲ ನೀರನ್ನು ಕೂಡಿಕೊಳ್ಳುತ್ತದೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಮದರಾಸಿನಲ್ಲಿ ಉಳಿದೆವು. ಆ ಗೆರೆಯನ್ನು ಎರಡೂ ಕಡೆಯವರು ಎಷ್ಟು ಮಾತಾಡಿದರೂ ಮಣ್ಣು ಕೇಳಿಸಿಕೊಂಡಿಲ್ಲ. ನಮ್ಮ ಹೊಲದ ಕೆಬ್ಬೆ ಕರ್ನಾಟಕಕ್ಕೆ ಹೋಗಿ, ಮಧ್ಯದ ಅಣೆಕಟ್ಟುಗಳಲ್ಲಿ ನಿಂತದ್ದು ನಿಂತು, ಮಿಕ್ಕದ್ದು ತಮಿಳುನಾಡಿಗೆ ವಾಪಸ್ ಬರುತ್ತದೆ. 1934ರಲ್ಲಿ ಮುಗಿದ ಮೆಟ್ಟೂರು ಅಣೆ, 1955ರಲ್ಲಿ ಮುಗಿದ ಭವಾನಿಸಾಗರ, ಇವುಗಳ ತಳದ ಹೂಳಿನಲ್ಲಿ ಯಾರ ಯಾರ ಹೊಲ ಇದೆಯೋ!

ಹೀಗೆ ನಡೆದಾಡುವ ಮಣ್ಣಿನ ಒಡೆಯ ಯಾರು ಅನ್ನುವ ತಲೆನೋವು ಬಹಳ ಹಳೆಯದು. ಸಾವಿರದ ಐನೂರು ವರ್ಷದ ಹಿಂದಿನ ರೋಮನ್ನರ ಕಾನೂನಿನಲ್ಲಿ ಒಂದು ನಿಯಮ ಇತ್ತು. ಹೊಳೆ ಕಾಣದ ಹಾಗೆ ಸ್ವಲ್ಪ ಸ್ವಲ್ಪವೇ ತಂದು ನಿನ್ನ ನೆಲಕ್ಕೆ ಸೇರಿಸಿದ್ದು ನಿನ್ನದು. ಆದರೆ ಹೊಳೆ ಒಂದೇ ಸಲಕ್ಕೆ ಪಕ್ಕದವನ ನೆಲದ ಗುರುತು ಸಿಗುವಷ್ಟು ದೊಡ್ಡ ತುಂಡನ್ನು ಕಿತ್ತು ತಂದು ಹಾಕಿದರೆ ಅದು ಅವನದೇ. ಎಲ್ಲಿಯವರೆಗೆ? ಆ ತುಂಡಿನ ಮೇಲಿನ ಮರಗಳು ನಿನ್ನ ನೆಲಕ್ಕೆ ಬೇರು ಬಿಡುವವರೆಗೆ. ಬ್ರಿಟಿಷರು 1825ರಲ್ಲಿ ಬಂಗಾಳಕ್ಕೆ ಮಾಡಿದ ಕಾನೂನಿನಲ್ಲೂ ಮೆಲ್ಲಗೆ ಸೇರಿದ್ದು ಸೇರಿದವನಿಗೆ ಅಂತಲೇ ಇದೆ. ಇದರಲ್ಲಿ ಬೇರಿನ ಮಾತು ನನಗೆ ಬಹಳ ಹಿಡಿಸಿತು. ಯಾರ ಮಣ್ಣು ಅಂತ ತೀರ್ಮಾನ ಮಾಡುವುದಕ್ಕೆ ಆ ಹಳಬರು ಕಾಗದ ಕೇಳಲಿಲ್ಲ, ಅದರಲ್ಲಿ ಯಾವುದು ಬೇರು ಬಿಟ್ಟಿದೆ ಅಂತ ನೋಡಿದರು.

ನಮ್ಮ ಈಗಿನ ಕಾನೂನಿಗೆ ಬರೋಣ. ನನ್ನ ಹೊಲದ ಮಣ್ಣು ನನ್ನಿಷ್ಟ ಅನ್ನುವವರಿಗೆ ಸರ್ಕಾರವೂ ಪೂರ್ತಿ ಹೂಂ ಅನ್ನುವುದಿಲ್ಲ. 2000ದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಏರಿ, ರಸ್ತೆ, ರೈಲು ದಾರಿ, ಕಟ್ಟಡಗಳಿಗೆ ತುಂಬಲು ಬಳಸುವ ಸಾಮಾನ್ಯ ಮಣ್ಣನ್ನೂ ಸಣ್ಣ ಖನಿಜ ಅಂತ ಸಾರಿತು. ಅಂದರೆ ಪಟ್ಟಾ ಹೊಲದಿಂದ ಆದರೂ ಅದಕ್ಕೆ ತೆಗೆದು ಮಾರಲು ಪರವಾನಗಿ ಬೇಕು, ಸರ್ಕಾರಕ್ಕೆ ಶುಲ್ಕ ಕಟ್ಟಬೇಕು. ಇನ್ನೊಂದು ಕಡೆ, ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೆಲದಡಿಯ ಖನಿಜ ಎಲ್ಲಾ ಸರ್ಕಾರದ್ದೇ ಅಂತ ಹೇಳುವ ಕಾನೂನು ಇಲ್ಲ, ಬೇರೆ ಕಾನೂನಿನಿಂದ ಕಸಿದುಕೊಂಡಿರದಿದ್ದರೆ ಅದು ನೆಲದ ಒಡೆಯನಿಗೇ ಸೇರಿದ್ದು ಅಂತ ಹೇಳಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕಾನೂನು ತೀರ್ಮಾನ ಮಾಡುತ್ತಿರುವುದು ಮಣ್ಣಿನ ದುಡ್ಡು ಯಾರ ಕೈಗೆ ಎಷ್ಟು ಹೋಗಬೇಕು ಅನ್ನುವುದನ್ನು. ತೆಗೆಯಬಹುದೇ ಅನ್ನುವ ನಮ್ಮ ಪ್ರಶ್ನೆ ಅಲ್ಲಿ ಅರ್ಧವೇ ಬಂದಿದೆ. ಮಿಕ್ಕ ಅರ್ಧ ನಮ್ಮ ಜಗುಲಿಗೇ ವಾಪಸ್ ಬಂತು.

ಮಣ್ಣನ್ನು ಮುಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಮ್ಮ ಹಿರಿಯರ ಮನೆಗಳೇ ಎದ್ದು ನಗುತ್ತವೆ. ಗೋಡೆ ಮಣ್ಣಿನದು, ನೆಲ ಮಣ್ಣಿನದು, ಮಡಕೆ ಮಣ್ಣಿನದು, ಒಲೆ ಮಣ್ಣಿನದು. ಆದರೆ ಒಂದು ವ್ಯತ್ಯಾಸ ಇದೆ. ಮಣ್ಣಿನ ಗೋಡೆ ಬಿದ್ದರೆ ಮತ್ತೆ ಮಣ್ಣೇ. ಹಾಳು ಮನೆಯ ಗೋಡೆಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು, ಅದು ಒಳ್ಳೆ ಗೊಬ್ಬರ ಅಂತ ಅವರಿಗೆ ಗೊತ್ತಿತ್ತು. ಸುಟ್ಟ ಇಟ್ಟಿಗೆ ಹಾಗಲ್ಲ. ಗೂಡಿನ ಬೆಂಕಿಯಲ್ಲಿ ಜೇಡಿಯೊಳಗೆ ಕಟ್ಟಿಕೊಂಡಿದ್ದ ನೀರೇ ಹೊರಟು ಹೋಗುತ್ತದೆ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಅದನ್ನು ಎಷ್ಟು ನೆನೆಸಿದರೂ ಜೇಡಿಯಾಗುವುದಿಲ್ಲ. ಮನುಷ್ಯರ ಲೆಕ್ಕದಲ್ಲಿ ಅದು ತಿರುಗಿ ಕಲ್ಲಾಯಿತು. ಕುಂಬಾರ ಮಾಡಿದ ಮಡಕೆಯೂ ಹೀಗೇ ಅಲ್ಲವೇ ಅಂತ ಕೇಳಿದರೆ, ಹೌದು, ಹೀಗೇ. ಆದರೆ ಕುಂಬಾರ ಕೆರೆಯಂಗಳದಿಂದ ಬುಟ್ಟಿಯಲ್ಲಿ ತರುತ್ತಿದ್ದ, ಹೊಲದ ಮೇಲುಮಣ್ಣನ್ನು ಟಿಪ್ಪರಿನಲ್ಲಿ ಒಯ್ಯುತ್ತಿರಲಿಲ್ಲ. ಎಷ್ಟು ತೆಗೆದೆ, ಎಲ್ಲಿಂದ ತೆಗೆದೆ, ತಿರುಗಿ ಬರುವ ದಾರಿ ಇಟ್ಟೆಯಾ ಅನ್ನುವ ಮೂರೂ ಕೇಳಿಯೇ ಸರಿ ತಪ್ಪು ಹೇಳಬೇಕು.

ನಮ್ಮ ಗುಮಟಾಪುರದಲ್ಲಿ ದೀಪಾವಳಿ ಆದ ಮೇಲೆ ಗೊರೆ ಹಬ್ಬ ನಡೆಯುವುದು ಎಲ್ಲರಿಗೂ ಗೊತ್ತು. ಮನೆ ಮನೆಯ ಸಗಣಿ ತಂದು ಬೀರೇಶ್ವರನ ಗುಡಿ ಹತ್ತಿರ ಗುಡ್ಡೆ ಹಾಕಿ ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ಹೊರಗಿನಿಂದ ಬರುವ ಟಿವಿಯವರಿಗೆ ಅದು ಬರೀ ತಮಾಷೆ. ಆಟ ಮುಗಿದ ಮೇಲೆ ಆ ಸಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ ಅನ್ನುವುದನ್ನು ಅವರು ತೋರಿಸುವುದು ಕಡಿಮೆ. ಯಾರ ಹಟ್ಟಿಯ ಸಗಣಿ ಯಾರ ಹೊಲಕ್ಕೆ ಹೋಯಿತು ಅಂತ ಆ ದಿನ ಯಾರಾದರೂ ಲೆಕ್ಕ ಇಡಲು ಸಾಧ್ಯವೇ?

ಕಡೆಗೆ ಆ ಹುಡುಗನ ಹತ್ತಿರ ಬರಬೇಕು, ಏಕೆಂದರೆ ಈವರೆಗೆ ಹೇಳಿದ್ದನ್ನೆಲ್ಲ ಅವನು ಒಂದೇ ಮಾತಿನಲ್ಲಿ ತಳ್ಳಿಹಾಕಬಲ್ಲ. ಸಾಲ ಇದೆ. ಕೋಸಿಗೆ ಬೆಲೆ ಬಿದ್ದರೆ ಕೂಲಿಯೂ ಹುಟ್ಟುವುದಿಲ್ಲ. ಬೆಲೆ ಬಂದ ವರ್ಷ ಆನೆ ಬರುತ್ತದೆ. ಕೊಳವೆಬಾವಿ ಎಷ್ಟು ಆಳ ಹೋದರೂ ನೀರು ಕಾಣುವುದಿಲ್ಲ. ಹೀಗಿರುವಾಗ ಟಿಪ್ಪರ್‌ನವನು ಕೈಗೆ ದುಡ್ಡು ಕೊಡಲು ಬಂದು ನಿಂತಿದ್ದಾನೆ. "ಹದಿನೈದು ಸಾವಿರ ವರ್ಷದ ಮಣ್ಣು ಕಣಪ್ಪ, ಮಾರಬೇಡ" ಅಂತ ಸಂಬಳ ಬರುವವರು, ನಾಲ್ಕು ಹೊತ್ತು ಉಂಡವರು ಹೇಳಿದರೆ ಅವನು ಏಕೆ ಕೇಳಬೇಕು? ಮಣ್ಣು ಎಲ್ಲರದು ಅನ್ನುವುದಾದರೆ ಅದನ್ನು ಕಾಯುವ ಖರ್ಚು ಅವನೊಬ್ಬನದು ಹೇಗಾಯಿತು? ಹಳ್ಳದ ಕೆಳಗಿನ ಹೊಲದವನು, ಸುವರ್ಣಾವತಿಯ ನೀರು ಹಾಯಿಸಿಕೊಳ್ಳುವವನು, ಮೆಟ್ಟೂರಿನ ಕೆಳಗೆ ಭತ್ತ ಬೆಳೆಯುವವನು, ಎಲ್ಲರಿಗೂ ಮೇಲಿನ ಮಣ್ಣು ನಿಂತರೆ ಲಾಭ, ಹೋದರೆ ನಷ್ಟ. ಅವರಲ್ಲಿ ಯಾರೂ ಈ ಹುಡುಗನ ಬದುವಿಗೆ ಒಂದು ಕಲ್ಲು ಇಟ್ಟವರಲ್ಲ.

ಇದನ್ನು ನಾನು ಹಿರಿಯರ ಮುಂದೆ ಇಟ್ಟಾಗ ಅವರು ಸಿಟ್ಟಾಗಲಿಲ್ಲ. "ಅದಕ್ಕೇ ಕೆರೆ ಇದ್ದದ್ದು" ಅಂದರು. ಮೊದಲು ಬೇಸಿಗೆಯಲ್ಲಿ ಕೆರೆ ಒಣಗಿದಾಗ ಊರೆಲ್ಲ ಗಾಡಿ ಕಟ್ಟಿಕೊಂಡು ಗೋಡುಮಣ್ಣು ಹೊಡೆಯುತ್ತಿತ್ತು. ಮಳೆ ಹೊಲದಿಂದ ತೊಳೆದು ತಂದದ್ದು ಕೆರೆಯಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಅದನ್ನು ಮತ್ತೆ ಹೊಲಕ್ಕೆ ಏರಿಸುತ್ತಾರೆ. ಕೆರೆಗೂ ಆಳ ಉಳಿಯುತ್ತದೆ, ಹೊಲಕ್ಕೂ ಮಣ್ಣು ಬರುತ್ತದೆ. ಗಾಡಿ ಇಲ್ಲದವನ ಹೊಲಕ್ಕೂ ಒಂದೆರಡು ಗಾಡಿ ಹಾಕುತ್ತಿದ್ದರು ಅಂತ ಅವರು ಹೇಳಿದರು. ಕೆರೆ ಪುರಂಬೋಕು, ಯಾರ ಪಟ್ಟಾವೂ ಅಲ್ಲ. ಆದ್ದರಿಂದ ಅಲ್ಲಿ ನಿಂತ ಮಣ್ಣು ಮೇಲಿನವನದೋ ಕೆಳಗಿನವನದೋ ಅನ್ನುವ ಜಗಳಕ್ಕೆ ಜಾಗವೇ ಇರಲಿಲ್ಲ. ಆ ಕೆಲಸಕ್ಕೆ ಕಾನೂನಿನ ಅಡ್ಡಿ ಈಗಲೂ ದೊಡ್ಡದಲ್ಲ. 2017ರಲ್ಲಿ ತಮಿಳುನಾಡು ಸರ್ಕಾರ ಕೆರೆಯ ಹೂಳನ್ನು ರೈತರು ಅನುಮತಿ ಪಡೆದು ಹೊಲಕ್ಕೆ ಉಚಿತವಾಗಿ ಒಯ್ಯಬಹುದು ಅಂತ ಅವಕಾಶ ಮಾಡಿಕೊಟ್ಟಿತು. ಅಡ್ಡಿ ಇರುವುದು ಬಾಡಿಗೆಯಲ್ಲಿ. ಟ್ರ್ಯಾಕ್ಟರ್ ಇರುವವನ ಹೊಲಕ್ಕೆ ಹೂಳು ಹೋಗುತ್ತದೆ, ಇಲ್ಲದವನ ಹೊಲಕ್ಕೆ ಹೋಗುವುದಿಲ್ಲ.

ಹುಡುಗ ಇದನ್ನೆಲ್ಲ ಕೇಳಿಸಿಕೊಂಡು ಕೂತಿದ್ದ. "ಸರಿ ಮಾವ, ನಾನ್ ಮಾರದಿಲ್ಲ ಅಂತ ಇಟ್ಕೊ. ನಮ್ ಹೊಲಕ್ಕೂ ನಾಕ್ ಲೋಡು ಗೋಡು ಹೊಡುಸ್ತೀರಾ? ಬಾಡಿಗೆ ಯಾರ್ ಕೊಡೋರು?" ಅಂದ.

ಅವತ್ತು ಜಗುಲಿಯಲ್ಲಿ ಹನ್ನೊಂದು ಜನ ಇದ್ದರು. ನಾಲ್ಕು ಮಂದಿ ಹತ್ತಿರ ಟ್ರ್ಯಾಕ್ಟರ್ ಇದೆ.